ಪದಚರ್ಚೆ: ಉಣ್ಣಿಯೋ, ಉಣ್ಣೆಯೋ, ಉಣುಗೋ?

ಪ್ರಶ್ನೆ: ಕುಷ್ಟಗಿ, ಸಿಂಧನೂರು ಕಡೆಯ ದನ, ಕುರಿ, ನಾಯಿಗಳ ಮೈಯಿಂದ ಉಣ್ಣಿ ಆರಿಸಿ, ಅವುಗಳಲ್ಲಿ ಜ್ವರ ತರುವ ರಿಕೆಟ್ಸಿಯಾ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಸಮೀಕ್ಷೆಗೆ ಕನ್ನಡ ನಮೂನೆ ಬೇಕಾಗಿದೆ. ಕರಡಿನಲ್ಲಿ ‘ಉಣ್ಣೆ’, ‘ಉಣುಗು’, ‘ಚಿಗಟ’ ಮೂರೂ ನುಸುಳಿವೆ. ಯಾವುದು ಇರಲಿ? ‘ನಿಂಫ್’ (ಲಾರ್ವಾ ಆದ ಮೇಲಿನ, ಬಲಿಯುವ ಮುಂಚಿನ ಹಂತ), ‘ಪೂಲ್’ (ಒಟ್ಟಿಗೆ ಸೇರಿಸಿ ಪರೀಕ್ಷಿಸುವ ಉಣ್ಣಿಗಳು) ಇವುಗಳಿಗೆ ಏನು ಬರೆಯುವುದು?

ಉತ್ತರ: ‘ಉಣ್ಣಿ’ ಇರಲಿ. ‘ಉಣ್ಣೆ’ ತಪ್ಪಲ್ಲ, ಆದರೆ ಕಂಬಳಿ ನೇಯುವ ಸೀಮೆಯಲ್ಲಿ ‘ಈ ಕುರಿಯಿಂದ ಉಣ್ಣೆ ಎಷ್ಟು ಸಿಕ್ಕಿತು’ ಎಂದು ಕೇಳಿದರೆ ಕುರಿಗಾರರು ಕಿಲೋ ಲೆಕ್ಕ ಹೇಳುತ್ತಾರೆ. ‘ಉಣುಗು’ ಮಲೆನಾಡಿನವರ ಬಾಯಲ್ಲಿ ಹೆಚ್ಚು. ಚಿಗಟ ಬೇರೆಯೇ ಹುಳ, ಜಿಗಿಯುತ್ತದೆ; ಉಣ್ಣಿಗೆ ಜಿಗಿತವಿಲ್ಲ.

ಲಾರ್ವಾಕ್ಕೆ ‘ಆರು ಕಾಲಿನ ಮರಿ’, ನಿಂಫ್‌ಗೆ ‘ಎಂಟು ಕಾಲಿನ ಮರಿ’ ಎನ್ನಿ. ಆರಿಸುವವರು ಎಣಿಸಿಯೇ ಬರೆಯಬಹುದು. ರಕ್ತ ಕುಡಿದು ಉಬ್ಬಿದ ಹೆಣ್ಣು ‘ತುಂಬಿದ ಉಣ್ಣಿ’. ನೋಡಲು ಔಡಲ ಬೀಜದಂತೆಯೇ. (ಔಡಲದ ಶಾಸ್ತ್ರೀಯ ಹೆಸರು ‘ರಿಸಿನಸ್’, ಲ್ಯಾಟಿನ್‌ನಲ್ಲಿ ಅದರ ಅರ್ಥವೂ ಉಣ್ಣಿಯೇ!) ಇದಕ್ಕೆ ಬೇರೆ ಕಾಲಂ ಇಡಲೇಬೇಕು. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ದನದ ರಕ್ತದಿಂದಲೇ ಬಂದಿರಬಹುದು, ಹಾಗಾಗಿ ಪಿಸಿಆರ್ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಪಾಸಿಟಿವ್ ಬಂದ ಮಾತ್ರಕ್ಕೆ ‘ರೋಗವಾಹಕ ಉಣ್ಣಿ’ ಎಂದು ಬರೆಯುವಂತಿಲ್ಲ. ‘ಬ್ಯಾಕ್ಟೀರಿಯಾ ಪತ್ತೆಯಾಗಿದೆ’ ಎಂದಷ್ಟೇ ಸಾಕು.

‘ಪೂಲ್’ಗೆ ‘ಗುಂಪು’ ಸಾಕು. ಒಂದೇ ಊರು, ಒಂದೇ ಜಾತಿ, ಒಂದೇ ಹಂತದವು ಮಾತ್ರ ಒಂದು ಗುಂಪು. ಹತ್ತು ಉಣ್ಣಿಗಳ ಗುಂಪು ಪಾಸಿಟಿವ್ ಆದರೆ ‘ಹತ್ತೂ ಸೋಂಕಿತ’ ಎಂದು ಬರೆದುಬಿಡುತ್ತಾರೆ. ‘ಕನಿಷ್ಠ ಒಂದು’ ಎಂಬುದು ಸರಿ.

‘ಕಿತ್ತು ತೆಗೆಯಿರಿ’ ಎಂಬ ಸೂಚನೆಯನ್ನೂ ಬದಲಿಸಿ. ಕಿತ್ತರೆ ಮೂತಿ ಚರ್ಮದಲ್ಲೇ ಮುರಿದು ಉಳಿಯುತ್ತದೆ; ಮೂತಿ ಇಲ್ಲದೆ ಜಾತಿ ಗುರುತಿಸುವುದು ಕಷ್ಟ. ‘ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು, ತಿರುಚದೆ, ನಿಧಾನವಾಗಿ ನೇರ ಎಳೆಯಿರಿ, ಬೆರಳಲ್ಲಿ ಹಿಸುಕಬೇಡಿ’ ಎಂದಿರಲಿ. ಬಾಟಲಿಗೆ ಶೇ. 70ರ ಎಥನಾಲ್, ಫಾರ್ಮಲಿನ್ ಬೇಡ, ಡಿಎನ್‌ಎ ಕೆಡುತ್ತದೆ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆದು ಒಳಗೆ ಹಾಕಬೇಕು. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿ ಊರಿನ ಹೆಸರೇ ಅಳಿಸಿಹೋಗುತ್ತದೆ.

‘ಎಲ್ಲಿ ಸಿಕ್ಕಿತು’ ಕಾಲಂನಲ್ಲಿ ‘ಹುಲ್ಲು, ಪೊದೆ’ ಮಾತ್ರ ಇದ್ದರೆ ಸಾಲದು. ನಾಯಿಯ ಉಣ್ಣಿ ಗೋಡೆಬಿರುಕಿನಲ್ಲಿ ಅಡಗುತ್ತದೆ, ಉಣ್ಣಿ ಅಂಟಿಕೊಳ್ಳಲೆಂದು ಹುಲ್ಲಿನ ಮೇಲೆ ಬಿಳಿ ಬಟ್ಟೆ ಎಳೆದರೆ ಅದು ಸಿಗುವುದು ಅಪರೂಪ. ‘ಗೋಡೆ, ಕೊಟ್ಟಿಗೆ’ ಸೇರಿಸಿ.

ಕರಡಿನ ತಲೆಬರಹದಲ್ಲಿ ‘ಮಂಗನ ಕಾಯಿಲೆ’ ಇದ್ದರೆ ತೆಗೆದುಹಾಕಿ, ಅದು ವೈರಸ್‌ನದು. ಸ್ಕ್ರಬ್ ಟೈಫಸ್ ಬ್ಯಾಕ್ಟೀರಿಯಾದ್ದೇ ಆದರೂ ಹರಡುವುದು ನುಸಿಯ (ಮೈಟ್) ಮರಿ. ಅದನ್ನು ‘ಉಣ್ಣಿ ಜ್ವರ’ ಎಂದು ಸೇರಿಸಬೇಡಿ.