ಸಹಾಯ ಬೇಕು: ಈ ಸಿಹಿ ಉಪ್ಪಿನಕಾಯಿಯನ್ನು ಯಾವುದರ ಜೊತೆ ತಿನ್ನಬೇಕು?

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಮೂರು ತಿಂಗಳಾಯಿತು. ಅಂಗಡಿಯಲ್ಲಿ ‘ಪಿಕಲ್’ ಅಂತ ಇದ್ದಿದ್ದು ನೋಡಿ ಸುಮ್ನೆ ಒಂದು ಬಾಟಲಿ ಬ್ರ್ಯಾನ್‌ಸ್ಟನ್ ಅನ್ನೋ ಬ್ರ್ಯಾಂಡಿನದು ತಂದೆ. ಮೊಸರನ್ನಕ್ಕೆ ನಂಜಿಕೊಂಡರೆ, ಅಯ್ಯೋ, ಬೆಲ್ಲದ ಪಾಕಕ್ಕೆ ವಿನೆಗರ್ ಸುರಿದ ಹಾಗಿತ್ತು! ಖಾರವೇ ಇಲ್ಲ. ಕಂದು ಬಣ್ಣದ ಗೊಜ್ಜಿನೊಳಗೆ ಕ್ಯಾರೆಟ್, ಈರುಳ್ಳಿ, ಹೂಕೋಸು, ಸ್ವೀಡ್ ಅನ್ನೋ ಗೆಡ್ಡೆ, ಎಲ್ಲ ಸಣ್ಣ ಸಣ್ಣ ಚೂರು, ಕಚ್ಚಿದರೆ ಇನ್ನೂ ಕರಕರ ಅನ್ನುತ್ತವೆ.

ಆಫೀಸಿನಲ್ಲಿ ಹೇಳಿದರೆ ಎಲ್ಲರೂ ನಕ್ಕರು. ಅದು 1922ರಿಂದ ಇರುವ ತಿನಿಸಂತೆ, ಚೆಡ್ಡಾರ್ ಚೀಸ್ ಜೊತೆ ತಿನ್ನಬೇಕಂತೆ. ಬ್ರೆಡ್ಡಿಗೆ ಬೆಣ್ಣೆ ಸವರಿ, ದಪ್ಪ ಚೀಸ್ ತುಂಡಿಟ್ಟು, ಮೇಲೆ ಒಂದು ಚಮಚ ಇದನ್ನು ಹಾಕಿ ತಿಂದೆ. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು, ಚೀಸಿನ ಉಪ್ಪಿಗೂ ಜಿಡ್ಡಿಗೂ ಆ ಹುಳಿಸಿಹಿ ಸರಿಯಾಗಿ ಹೊಂದುತ್ತದೆ. ಆದರೆ ದಿನಾ ಚೀಸ್ ಬ್ರೆಡ್ ತಿನ್ನೋಕಾಗಲ್ಲ ಅಲ್ವಾ?

ನಾವು ಸಸ್ಯಾಹಾರಿಗಳು. ಬೇಯಿಸಿದ ಆಲೂಗಡ್ಡೆ, ಚಪಾತಿ, ಟೋಸ್ಟ್ ಯಾವುದಕ್ಕಾದರೂ ಇದು ಹೊಂದುತ್ತದಾ? ಸಾಸಿವೆ, ಅರಿಶಿನ ಹಾಕಿದ ಹಳದಿ ಬಣ್ಣದ ‘ಪಿಕಲಿಲ್ಲಿ’ ಅನ್ನೋ ಇನ್ನೊಂದು ತರಕಾರಿ ಉಪ್ಪಿನಕಾಯಿ ನಮ್ಮ ಬಾಯಿಗೆ ಇದಕ್ಕಿಂತ ಹತ್ತಿರವಾ? ಇಲ್ಲಿಯವರು ಅದನ್ನು ಹ್ಯಾಮ್ (ಹಂದಿ ಮಾಂಸ) ಜೊತೆ ತಿನ್ನುತ್ತಾರೆ, ನಮಗೆ ಅದು ಆಗಲ್ಲ. ಇಲ್ಲಿ ಜಾಸ್ತಿ ವರ್ಷ ಇದ್ದವರು ದಯವಿಟ್ಟು ಹೇಳಿ, ಮುಕ್ಕಾಲು ಬಾಟಲಿ ಹಾಗೇ ಫ್ರಿಜ್ಜಿನಲ್ಲಿ ಕೂತಿದೆ.