ಇಂಗ್ಲಿಷ್ ಸುದ್ದಿ ಓದಿದರೆ ಅರ್ಥವಾಗುತ್ತದೆ, ಪ್ರಬಂಧ ಬರೆಯಲು ಮಾತ್ರ ಬರುತ್ತಿಲ್ಲ

ಮಳೆಬಿಲ್ಲು:
ಎಂ.ಎ. ಓದುತ್ತಿದ್ದೇನೆ, ಎಲ್ಲವನ್ನೂ ಇಂಗ್ಲಿಷಿನಲ್ಲೇ ಬರೆಯಬೇಕು. ಹವಾಮಾನ, ಯುದ್ಧ, ನಿರಾಶ್ರಿತರು, ಹಸಿವು ಅಂತ ದಿನಾ ಇಂಗ್ಲಿಷ್ ಸುದ್ದಿ ಓದುತ್ತೇನೆ, ಅರ್ಥವೂ ಆಗುತ್ತದೆ. ಆದರೆ ಬರೆಯಲು ಕೂತರೆ ಸುದ್ದಿ ತರಾನೇ ಬರುತ್ತದೆ, 'ಇದು ಅಕಾಡೆಮಿಕ್ ಆಗಿಲ್ಲ' ಅಂತ ವಾಪಸ್ ಬರುತ್ತದೆ. ಡಿಕ್ಷನರಿ ನೋಡಿ ಬರೆದಿಟ್ಟ ಪದಗಳೂ ನೆನಪಿನಲ್ಲಿ ಉಳಿಯುತ್ತಿಲ್ಲ. ಏನು ಓದಲಿ?

ಓದುಗ೨೧:
ದಿನಕ್ಕೊಂದು ವಿಷಯ ಓದುವುದನ್ನು ಮೊದಲು ನಿಲ್ಲಿಸಿ. ಒಂದೇ ವಿಷಯ ಹಿಡಿದು ಕೆಲವು ವಾರ ಅದನ್ನೇ ಓದಿ. ಆಗ ಅವವೇ ಪದಗಳು ಬೇರೆ ಬೇರೆ ವಾಕ್ಯಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ, ಬಾಯಿಪಾಠ ಬೇಕಾಗುವುದಿಲ್ಲ. ಎವೆರಿಲ್ ಕಾಕ್ಸ್‌ಹೆಡ್ ಎಂಬವರು 2000ದಲ್ಲಿ ಮಾಡಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಇದೆ, 570 ಪದ ಕುಟುಂಬಗಳು (ಒಂದು ಮೂಲ ಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ). ಅಕಾಡೆಮಿಕ್ ಬರಹದಲ್ಲಿ ಸುಮಾರು ನೂರಕ್ಕೆ ಹತ್ತು ಪದ ಅಲ್ಲಿಂದಲೇ ಬರುತ್ತವೆ. ಓದಿದ್ದರಲ್ಲಿ ಅವು ಎಲ್ಲೆಲ್ಲಿ ಬಂದಿವೆ ಅಂತ ಗುರುತು ಹಾಕಿ, ಸಾಕು. ಪಟ್ಟಿ ಉರು ಹೊಡೆಯಬೇಡಿ.

ಸುಮ್ನೆ_ಒಬ್ಬ:
ನಿಮ್ಮ ತೊಂದರೆ ಪದಗಳದ್ದಲ್ಲ ಅನ್ನಿಸುತ್ತದೆ. ಸುದ್ದಿಯಲ್ಲಿ 'ಹೀಗಾಯಿತು' ಅಂತ ಹೇಳಿ ಮುಗಿಸುತ್ತಾರೆ. ಪ್ರಬಂಧದಲ್ಲಿ ಎಷ್ಟು ಖಚಿತವಾಗಿ ಹೇಳುತ್ತಿದ್ದೀರಿ, ಯಾವ ಆಧಾರದ ಮೇಲೆ ಅನ್ನುವುದು ಕೂಡ ವಾಕ್ಯದೊಳಗೇ ಇರಬೇಕು. ಇದನ್ನು ಕಲಿಯಲು ಐಪಿಸಿಸಿ, ಅಂದರೆ ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆಯ ಸಮಿತಿ, ಅದರ ವರದಿಗಳಷ್ಟು ಒಳ್ಳೆಯ ಜಾಗ ನಾನು ನೋಡಿಲ್ಲ (ಪೂರ್ತಿ ವರದಿ ಬೇಡ, ತಲೆ ಕೆಡುತ್ತದೆ. ನೀತಿ ರೂಪಿಸುವವರಿಗೆ ಅಂತ ಬರೆದ ಸಾರಾಂಶ ಸಾಕು). ಅಲ್ಲಿ 'ಲೈಕ್ಲಿ' ಅಂದರೆ ಸುಮ್ನೆ 'ಇರಬಹುದು' ಅಲ್ಲ, ಕನಿಷ್ಠ ಶೇ. 66 ಸಾಧ್ಯತೆ. 'ವೆರಿ ಲೈಕ್ಲಿ' ಅಂದರೆ ಶೇ. 90, 'ಎಕ್ಸ್‌ಟ್ರೀಮ್ಲಿ ಲೈಕ್ಲಿ' ಅಂದರೆ ಶೇ. 95. ಈಚಿನ ಬಿಸಿಯೇರಿಕೆಗೆ ಮನುಷ್ಯರು ಕಾರಣವೇ ಅನ್ನುವ ಒಂದೇ ಪ್ರಶ್ನೆ ತಗೊಳ್ಳಿ. 2001ರ ವರದಿ ಹೆಚ್ಚಿನ ಪಾಲು ನಮ್ಮಿಂದಲೇ ಅನ್ನುವುದಕ್ಕೆ 'ಲೈಕ್ಲಿ' ಅಂದಿತು, 2007ರದ್ದು 'ವೆರಿ ಲೈಕ್ಲಿ', 2013ರದ್ದು 'ಎಕ್ಸ್‌ಟ್ರೀಮ್ಲಿ ಲೈಕ್ಲಿ'. 2021ರಲ್ಲಿ ಮನುಷ್ಯರ ಪ್ರಭಾವದಿಂದ ಬಿಸಿಯಾಗಿದೆ ಅನ್ನುವುದು 'ಅನ್‌ಈಕ್ವಿವೋಕಲ್', ಅನುಮಾನವೇ ಇಲ್ಲ ಅಂತ ಬರೆದರು. ಪುರಾವೆ ಬೆಳೆದಂತೆ ಮಾತೂ ಗಟ್ಟಿಯಾಯಿತು. ಈ ನಾಲ್ಕು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ಓದಿ, ಆಮೇಲೆ ನಿಮ್ಮ ಹಳೆ ಪ್ರಬಂಧ ತೆಗೆದು ಒಂದೊಂದು ವಾಕ್ಯಕ್ಕೂ 'ಇದು ನನಗೆ ಎಷ್ಟು ಗೊತ್ತು?' ಅಂತ ಕೇಳಿಕೊಳ್ಳಿ.

ಗೆರೆ_ಬರೆ:
ಮೇಲಿನವರು ಹೇಳಿದ್ದು ಸರಿ, ಆದರೆ ಶುರುವಿನಲ್ಲೇ ಐಪಿಸಿಸಿ ಕೊಟ್ಟರೆ ಓದುವ ಆಸೆಯೇ ಹೋಗುತ್ತದೆ ಅಲ್ವಾ? ಮೊದಲು ದಿ ಕಾನ್ವರ್ಸೇಷನ್ ಅನ್ನುವ ವೆಬ್‌ಸೈಟ್ ಓದಿ, ಅಲ್ಲಿ ಸಂಶೋಧಕರೇ ಸಾಮಾನ್ಯ ಓದುಗರಿಗಾಗಿ ಬರೆಯುತ್ತಾರೆ. ಜೊತೆಗೆ ಅವರ್ ವರ್ಲ್ಡ್ ಇನ್ ಡೇಟಾ ಅನ್ನುವ ಅಂಕಿಅಂಶಗಳ ವೆಬ್‌ಸೈಟಿನಲ್ಲಿ ಒಂದು ಗ್ರಾಫ್ ತೆಗೆದು, ಕೆಳಗಿನ ಬರಹ ನೋಡದೆ ನೀವೇ ಒಂದು ಪ್ಯಾರಾ ಬರೆಯಿರಿ. ಆಮೇಲೆ ಅವರದ್ದರ ಜೊತೆ ಹೋಲಿಸಿ. ಬರೀ ಓದಿದರೆ ಬರವಣಿಗೆ ಬರುವುದಿಲ್ಲ.

ಇನ್ನೊಂದು, ವ್ಯಾಖ್ಯೆಗಳನ್ನು ಬಿಡಬೇಡಿ. ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನಿರಾಶ್ರಿತ ಅನ್ನಿಸಿಕೊಳ್ಳಲು ತನ್ನ ದೇಶದ ಹೊರಗಿರಬೇಕು. ಮನೆ ಬಿಟ್ಟು ಓಡಿ ಅದೇ ದೇಶದಲ್ಲಿ ಉಳಿದವರನ್ನು ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಸುದ್ದಿ ಇವೆರಡನ್ನೂ ಆಗಾಗ ಕಲಸಿಬಿಡುತ್ತದೆ, ನೀವೂ ಕಲಸಿದರೆ ಮಾರ್ಕ್ಸ್ ಹೋಗುತ್ತದೆ.

ಮಳೆಬಿಲ್ಲು:
ಥ್ಯಾಂಕ್ಸ್! ಕುಡಿಯುವ ನೀರಿನ ವಿಷಯ ಹಿಡಿಯೋಣ ಅಂತಿದ್ದೇನೆ, ನಡೆಯುತ್ತಾ?

ಗೆರೆ_ಬರೆ:
ಧಾರಾಳವಾಗಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಮಾಡುವ, ಕುಡಿಯುವ ನೀರು ಮತ್ತು ನೈರ್ಮಲ್ಯದ ಲೆಕ್ಕ ಇಡುವ ಜೆಎಂಪಿ ವರದಿಯಿಂದ ಶುರು ಮಾಡಿ. ನೀರು ಮನೆ ಆವರಣದಲ್ಲೇ ಇದೆಯೇ, ಬೇಕಾದಾಗ ಸಿಗುತ್ತದೆಯೇ, ಕಲುಷಿತವಾಗಿಲ್ಲವೇ ಅಂತ ಅವರು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುತ್ತಾರೆ. ಹೋಗಿ, ಸಾಲು ನಿಂತು, ತುಂಬಿಸಿ ವಾಪಸ್ ಬರಲು 30 ನಿಮಿಷ ದಾಟಿದರೆ ಕೆಳಗಿನ ಮೆಟ್ಟಿಲು. ಆ ಭಾಗ ಓದಿ ಒಂದು ಪ್ಯಾರಾ ಬರೆದು ಇಲ್ಲೇ ಹಾಕಿ, ನೋಡೋಣ.