ಹೆಣಿಗೆ, ಕುಣಿಕೆ, ಮುನ್ನೂಲು: ಸ್ಕಾರ್ಫ್ ಹೆಣೆಯುವವರಿಗೆ ಬೇಕಾದ ಕೆಲವು ಪದಗಳು

ಮಾನ್ಯರೆ,

ಬಿಡುವಿದ್ದಾಗ ಎರಡು ಕಡ್ಡಿಗಳನ್ನು ಹಿಡಿದು ಅಲಂಕಾರದ ಸ್ಕಾರ್ಫುಗಳನ್ನು ಹೆಣೆಯುವುದು ನನ್ನ ಹವ್ಯಾಸ. ಹೊಸದಾಗಿ ಕಲಿಯುವವರಿಗಾಗಿ ಅದರ ಕ್ರಮವನ್ನು ಕನ್ನಡದಲ್ಲಿ ಬರೆದಿಡಲು ಕುಳಿತಾಗ, ಕೈಗೆ ಚೆನ್ನಾಗಿ ಗೊತ್ತಿರುವ ಕೆಲಸಕ್ಕೆ ಬಾಯಲ್ಲಿ ಮಾತಿಲ್ಲವೆಂಬುದು ಅರಿವಾಯಿತು.

ಮೊದಲನೆಯದು ಕೆಲಸದ ಹೆಸರು. 'ಸ್ವೆಟರ್ ನೇಯ್ದರು' ಎಂದು ಬರೆಯುವವರಿದ್ದಾರೆ. ಅದು ಸರಿಯಲ್ಲವೆಂದು ನನ್ನ ಎಣಿಕೆ. ನೇಯ್ಗೆಗೆ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು ಎಂಬ ಎರಡು ಬಗೆಯ ನೂಲುಗಳು ಬೇಕು. ಇಲ್ಲಿರುವುದು ಒಂದೇ ನೂಲು, ಅದು ತನ್ನೊಳಗೆ ತಾನೇ ತೂರಿಕೊಂಡು ಬಟ್ಟೆಯಾಗುತ್ತದೆ. ಹಳಗನ್ನಡದ 'ಪೆಣೆ'ಯಿಂದ ಬಂದ 'ಹೆಣೆ' ಜಡೆಗೂ ಬುಟ್ಟಿಗೂ ಸಲ್ಲುವ ಮಾತಾದರೂ, ಒಂದರೊಳಗೊಂದು ತೊಡಕಿಕೊಳ್ಳುವ ಅರ್ಥ ಅದರಲ್ಲಿರುವುದರಿಂದ 'ಹೆಣಿಗೆ'ಯೇ ಮೇಲು. ಇಂಗ್ಲಿಷಿನ 'ನಿಟ್' ಹುಟ್ಟಿದ್ದು ಗಂಟು ಹಾಕುವುದೆಂಬ ಅರ್ಥದ ಮಾತಿನಿಂದ. ಆದರೆ ಈ ಬಟ್ಟೆಯ ಮೈಯಲ್ಲಿ ಗಂಟೇ ಇರುವುದಿಲ್ಲ, ಕೊನೆಯ ಕುಣಿಕೆಯನ್ನು ಸಡಿಲಿಸಿ ನೂಲನ್ನು ಎಳೆದರೆ ಇಡೀ ಸ್ಕಾರ್ಫ್ ಮತ್ತೆ ಉಂಡೆಯಾಗುತ್ತದೆ. ಈ ವಿಷಯದಲ್ಲಿ ನಮ್ಮ ಮಾತೇ ನಿಜಕ್ಕೆ ಹತ್ತಿರ. ಆಡುಮಾತಿನ 'ಹಾಕು' ಬರಹಕ್ಕೆ ಒದಗದು: 'ಸ್ವೆಟರ್ ಹಾಕಿದಳು' ಎಂದರೆ ಹೆಣೆದಳೋ ತೊಟ್ಟಳೋ ತಿಳಿಯುವುದಿಲ್ಲ.

ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ಮಾಡುವ ಕ್ರೋಶಾಗೆ 'ಕೊಕ್ಕೆಹೆಣಿಗೆ' ಸಾಕು. ಆ ಫ್ರೆಂಚ್ ಮಾತಿಗೂ ಚಿಕ್ಕ ಕೊಕ್ಕೆಯೆಂದೇ ಅರ್ಥ.

ಕಡ್ಡಿಯ ಮೇಲೆ ಸಾಲಾಗಿ ನಿಲ್ಲುವ ನೂಲಿನ ಬಳೆಗಳನ್ನು, ಇಂಗ್ಲಿಷಿನ 'ಸ್ಟಿಚ್' ಎಂಬುದರ ಜಾಡು ಹಿಡಿದು 'ಹೊಲಿಗೆ' ಎನ್ನಲು ಮನಸ್ಸು ಒಪ್ಪದು, ಏಕೆಂದರೆ ಇಲ್ಲಿ ಏನನ್ನೂ ಹೊಲಿಯುವುದಿಲ್ಲ. ಅವನ್ನು 'ಕುಣಿಕೆ' ಎಂದು ಕರೆದಿದ್ದೇನೆ. ಆಗ 'ಮೂವತ್ತು ಕುಣಿಕೆ ಏರಿಸಿ', 'ಒಂದು ಕುಣಿಕೆ ಜಾರಿತು' ಎಂಬಂಥ ವಾಕ್ಯಗಳು ಸಲೀಸಾಗಿ ಬರುತ್ತವೆ.

ನಿಜವಾದ ತೊಡಕಿರುವುದು ಕುಣಿಕೆಯ ಎರಡು ಬಗೆಗಳಲ್ಲಿ. ಇಂಗ್ಲಿಷಿನಲ್ಲಿ ಅವುಗಳ ಹೆಸರು 'ನಿಟ್' (ಇಡೀ ಕೆಲಸಕ್ಕಿರುವ ಮಾತೇ ಇಲ್ಲಿ ಒಂದು ಬಗೆಯ ಕುಣಿಕೆಗೂ ಹೆಸರು) ಮತ್ತು 'ಪರ್ಲ್'. ಇವು ಒಂದೇ ಕುಣಿಕೆಯ ಎರಡು ಮುಖಗಳು. ಈ ಬದಿಯಿಂದ ನಿಟ್ ಆಗಿ ಕಾಣುವುದು ಬಟ್ಟೆ ತಿರುಗಿಸಿದರೆ ಪರ್ಲ್. ಆದ್ದರಿಂದ ನಾನು ಮೊದಲು ಇಟ್ಟ 'ಹೊರಗುಣಿಕೆ', 'ಒಳಗುಣಿಕೆ' ಎಂಬ ಹೆಸರುಗಳು ನಿಲ್ಲಲಿಲ್ಲ: ಪ್ರತಿ ಸಾಲಿನ ಕೊನೆಗೂ ಕೆಲಸವನ್ನು ತಿರುಗಿಸುವುದರಿಂದ ಹೊರಗಿದ್ದದ್ದು ಒಳಗಾಗಿ ಓದುವವರು ಗೊಂದಲಕ್ಕೆ ಬೀಳುತ್ತಾರೆ. ಸ್ಕಾರ್ಫಿನಲ್ಲಿ ಇದು ಹೆಚ್ಚು ಕಾಡುತ್ತದೆ, ಏಕೆಂದರೆ ಅದರ ಎರಡೂ ಬದಿ ಕಣ್ಣಿಗೆ ಬೀಳುತ್ತವೆ. ಒಂದು ಬದಿಯಲ್ಲಿ ಬರೀ ನಿಟ್ ಕಾಣುವಂತೆ ಹೆಣೆದರೆ ಅಂಚು ಸುರುಳಿ ಸುತ್ತಿಕೊಳ್ಳುವುದರಿಂದ, ಪಟ್ಟಿ ಚಪ್ಪಟೆಯಾಗಿ ಮಲಗಬೇಕಾದರೆ ಎರಡು ಬಗೆಯ ಕುಣಿಕೆಗಳನ್ನೂ ಬೆರೆಸಬೇಕು, ಇಲ್ಲವೆ ಎಲ್ಲ ಸಾಲುಗಳನ್ನೂ ನಿಟ್‌ನಲ್ಲೇ ಹೆಣೆಯಬೇಕು (ಸಾಲಿಗೊಮ್ಮೆ ಬಟ್ಟೆ ತಿರುಗುವುದರಿಂದ ಆಗ ಎರಡೂ ಬದಿಗಳಲ್ಲಿ ನಿಟ್ ಸಾಲು, ಪರ್ಲ್ ಸಾಲು ಒಂದಾದ ಮೇಲೊಂದು ಕಾಣುತ್ತವೆ).

ಕಾಣುವ ಮುಖವನ್ನು ಬಿಟ್ಟು ಕೈಯ ಕೆಲಸವನ್ನು ಹಿಡಿದರೆ ದಾರಿ ಕಾಣುತ್ತದೆ. ನಿಟ್‌ನಲ್ಲಿ ನೂಲು ಕಡ್ಡಿಯ ಹಿಂದಿರುತ್ತದೆ, ಪರ್ಲ್‌ನಲ್ಲಿ ಮುಂದಿರುತ್ತದೆ. ಹಿನ್ನೆಲೆ, ಮುನ್ನೆಲೆ ಎಂಬ ಜಾಡಿನಲ್ಲಿ 'ಹಿನ್ನೂಲು', 'ಮುನ್ನೂಲು' ಎನ್ನಬಹುದಲ್ಲವೆ? ನನಗಿರುವ ಅಳುಕು ಒಂದೇ: 'ಮುನ್ನೂರು' ಎಂಬುದರ ಹಾಗೆ 'ಮುನ್ನೂಲ'ನ್ನೂ ಮೂರು ನೂಲೆಂದು ಓದಿಕೊಂಡರೆ, ಮೂರೆಳೆಯ ನೂಲೂ ಬಳಕೆಯಲ್ಲಿರುವ ಈ ಕಸುಬಿನಲ್ಲಿ ಅದು ಸಣ್ಣ ತಪ್ಪಾಗದು.

'ಸ್ಕಾರ್ಫ್' ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಮಫ್ಲರ್ ಎಂದರೆ ಚಳಿ ನೆನಪಾಗುತ್ತದೆ, ಶಾಲು ಎಂದರೆ ಸನ್ಮಾನ. ಅಂದಕ್ಕೆಂದೇ ಕೊರಳಲ್ಲಿ ಇಳಿಬಿಡುವ ಕಿರಿದಾದ ಪಟ್ಟಿಗೆ ಎರಡೂ ಹೊಂದುವುದಿಲ್ಲ. ಅದರ ತುದಿಯ ಎಳೆಗಳಿಗೆ 'ಕುಚ್ಚು' ಇದ್ದೇ ಇದೆ.

'ಮುನ್ನೂಲು' ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ಕಡ್ಡಿ ಹಿಡಿದು ಹೆಣೆಯುವವರು ನಿಮ್ಮ ಮನೆಯಲ್ಲಿದ್ದರೆ ಈ ಎರಡು ಕುಣಿಕೆಗಳನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.